ನನಗಿದ್ದ ಎರಡು ಲೈನ್

ಇಂಗ್ಲಿಷ್ ಬಾರದವರೂ ದಿನಕ್ಕೆ ಹತ್ತು ಸಲ ಹೇಳುವ ಇಂಗ್ಲಿಷ್ ಪದವೊಂದಿದ್ದರೆ ಅದು ‘ಲೈನ್’. ನಮ್ಮ ಕಡೆ ಕರೆಂಟಿನ ತಂತಿ ಲೈನ್, ಫೋನು ಲೈನ್, ರೇಷನ್ ಅಂಗಡಿಯ ಸಾಲು ಲೈನ್. ಹುಡುಗ ಹುಡುಗಿಯನ್ನು ನೋಡಿ ನಕ್ಕರೆ ಅದು ಲೈನ್ ಹೊಡೆಯುವುದು. ಹುಡುಗಿ ತಿರುಗಿ ನಕ್ಕರೆ ಅವಳು ಅವನ ಲೈನ್. ಇದು ಸಾಲದು ಎಂಬಂತೆ ನನ್ನ ಕೆಲಸವೂ ಲೈನೇ. ಪುತ್ತೂರಿನ ಹೋಲ್‌ಸೇಲ್ ಅಂಗಡಿಯಿಂದ ವ್ಯಾನಿನಲ್ಲಿ ಸಾಮಾನು ತುಂಬಿಸಿಕೊಂಡು ಹೋಗಿ ಹಳ್ಳಿಯ ಅಂಗಡಿಗಳಿಗೆ ಹಾಕಿ ಬರುವುದಕ್ಕೆ ಲೈನ್ ಸೇಲ್ ಎನ್ನುತ್ತಾರೆ. ಹೋಗುವ ಒಂದೊಂದು ದಾರಿಗೂ ಒಂದೊಂದು ಲೈನ್ ಎಂದೇ ಹೆಸರು. ಇಷ್ಟು ಅರ್ಥಗಳ ನಡುವೆ ದಿನವಿಡೀ ಓಡಾಡುವವನಿಗೆ ಎಡವಟ್ಟು ಆಗದಿದ್ದರೇ ಆಶ್ಚರ್ಯ. ಒಮ್ಮೆಯಂತೂ ಈ ಪದದಿಂದ ನನ್ನ ಮದುವೆಯೇ ತಪ್ಪುವುದರಲ್ಲಿತ್ತು. ಅದನ್ನು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ, ಹಾಗಾಗಿ ಸಣ್ಣದರಿಂದ ಶುರು ಮಾಡುತ್ತೇನೆ.

ಲೈನ್ ಬಂತು

ಕೆಲಸಕ್ಕೆ ಸೇರಿದ ಹೊಸತು. ಕುಂಬ್ರದ ಹತ್ತಿರ ಮನೆಗೆ ತಾಗಿಕೊಂಡೇ ಇದ್ದ ಒಂದು ಅಂಗಡಿಗೆ ಹೋದೆ. ಯಾರೂ ಕಾಣಲಿಲ್ಲ. “ಅಕ್ಕಾ, ಲೈನ್ ಬಂತು” ಎಂದು ಗಟ್ಟಿಯಾಗಿ ಕೂಗಿದೆ. ಹಿಂದಿನ ದಿನ ಮರ ಬಿದ್ದು ಆ ಊರಿನ ಕರೆಂಟಿನ ಲೈನ್ ತುಂಡಾಗಿದೆ ಎಂದು ನನಗೇನು ಗೊತ್ತು? ಒಳಗೆ ಟಕಟಕನೆ ಸ್ವಿಚ್ ಒತ್ತುವ ಶಬ್ದ ಕೇಳಿಸಿತು. ಯಾರೋ ಪಂಪ್ ಹಾಕಲು ತೋಟದ ಕಡೆ ಓಡಿದರು. ಆಚೆ ಮನೆಗೂ ಸುದ್ದಿ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಮನೆಯಾಕೆ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದುಕೊಂಡು ಹೊರಗೆ ಬಂದರು.

“ಎಲ್ಲಿ ಬಂದದ್ದು ಮಾರಾಯ್ರೆ ಲೈನ್?”

“ನಾನೇ ಅಕ್ಕ. ಪುತ್ತೂರಿನ ಲೈನ್.”

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. “ಹಾಗಾದ್ರೆ ನಾಳೆಯ ದೋಸೆಗೆ ಇದನ್ನು ನೀವೇ ಕಡೆದು ಕೊಡಿ.”

ಲೈನಿನಲ್ಲಿ ಇರಿ

ಕಡಬದ ಹತ್ತಿರ ನಾನು ಸಾಮಾನು ಹಾಕುವ ಅಂಗಡಿಯ ಅಜ್ಜನ ಮನೆಯಲ್ಲಿ ಗ್ಯಾಸ್ ಮುಗಿದಿತ್ತು. ಮಗ ಗ್ಯಾಸಿನವರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟ. “ದಯವಿಟ್ಟು ಲೈನಿನಲ್ಲಿ ಇರಿ” ಎಂದು ಒಂದು ಹೆಂಗಸಿನ ಸ್ವರ ಹೇಳಿತು, ನಂತರ ಸಂಗೀತ. ಅಜ್ಜ ಅಂಗಿ ಹಾಕಿದರು, ಖಾಲಿ ಸಿಲಿಂಡರನ್ನು ಜೀಪಿಗೆ ಹಾಕಿಸಿ ಪೇಟೆಗೆ ಹೋಗಿ ನಿಜವಾದ ಲೈನಿನಲ್ಲಿ ನಿಂತರು. ತುಂಬಿದ ಸಿಲಿಂಡರ್ ಸಮೇತ ಅವರು ಮನೆಗೆ ಮುಟ್ಟುವಾಗ ಮಗ ಇನ್ನೂ ಸಂಗೀತ ಕೇಳುತ್ತಿದ್ದ.

“ಅವಳು ಹೇಳಿದ್ದು ನನಗೆ ಅರ್ಥ ಆಯ್ತು,” ಎಂದರು ಅಜ್ಜ. “ಇವ ಕಲಿತವ, ಇವನಿಗೆ ಆಗ್ಲಿಲ್ಲ.”

ಎರಡು ಲೈನ್

ಈಗ ನನ್ನ ಮದುವೆಯ ವಿಷಯ. ನನಗೆ ಆಗ ಮೂವತ್ತನಾಲ್ಕು. ವ್ಯಾನಿನಲ್ಲಿ ಊರೂರು ಅಲೆಯುವವನಿಗೆ ಹೆಣ್ಣು ಕೊಡಲು ಎಲ್ಲರೂ ಮೂಗು ಮುರಿಯುತ್ತಿದ್ದರು. ಕೊನೆಗೆ ಸುಳ್ಯದ ಕಡೆಯ ಒಂದು ಸಂಬಂಧ ಬಂತು. ಹುಡುಗಿ ಟೈಲರಿಂಗ್ ಮಾಡುತ್ತಿದ್ದಳು. ನೋಡಲು ಹೋದ ದಿನ ನಾನು ಉಪ್ಪಿಲ್ಲದ ಉಪ್ಪಿಟ್ಟನ್ನು ಮರ್ಯಾದೆಗೆ ನುಂಗುತ್ತಿದ್ದಾಗ, “ಉಪ್ಪು ಹಾಕ್ಲಿಕ್ಕೆ ಮರ್ತೇಹೋಗಿದೆ, ಕಷ್ಟಪಡ್ಬೇಡಿ” ಎಂದು ಅವಳೇ ತಟ್ಟೆ ತೆಗೆದುಕೊಂಡಳು. ಆ ಕ್ಷಣವೇ ನನಗೆ ಅವಳು ಹಿಡಿಸಿಬಿಟ್ಟಳು.

ಹುಡುಗಿಯ ಸೋದರಮಾವ ನನ್ನ ಬಗ್ಗೆ ವಿಚಾರಿಸಲು ನಮ್ಮ ಹೋಲ್‌ಸೇಲ್ ಅಂಗಡಿಗೆ ಫೋನ್ ಮಾಡಿದರು. ಧಣಿಗಳಾದ ಹಾಜಿಯವರೇ ಮಾತಾಡಿದರು. ನಾನು ಪಕ್ಕದಲ್ಲಿ ಸಾಮಾನು ಕಟ್ಟುತ್ತಾ ಉಬ್ಬಿಹೋಗಿ ಕೇಳುತ್ತಿದ್ದೆ.

“ಹುಡುಗ ಚಿನ್ನ. ಎರಡು ಲೈನ್ ಉಂಟು, ಎರಡನ್ನೂ ಒಬ್ಬನೇ ಸುಧಾರಿಸ್ತಾನೆ.”

ಆಚೆಯಿಂದ ಏನೋ ಕೇಳಿದರು.

“ಒಂದು ಕಡಬದ್ದು, ಅದು ಹಳೇದು. ಇನ್ನೊಂದು ನಿಮ್ಮ ಸುಳ್ಯದ್ದೇ, ಹೋದ ವರ್ಷ ಸಿಕ್ಕಿದ್ದು.”

ಮತ್ತೆ ಏನೋ ಕೇಳಿದರು.

“ಗುಟ್ಟು ಎಂತದು? ಎಲ್ಲರಿಗೂ ಗೊತ್ತುಂಟು. ಕಳಿಸುದೇ ನಾನು. ಮದುವೆ ಆದ ಮೇಲೆ ಬಿಡುದಾ? ಛೆ ಛೆ, ಎಂತ ಮಾತು. ವಾರಕ್ಕೆ ಎರಡೆರಡು ಸಲ ಹೋಗ್ಲೇಬೇಕು. ಇಲ್ಲದಿದ್ರೆ ಬೇರೆಯವರು ನುಗ್ತಾರೆ.”

ಫೋನ್ ಕಟ್ಟಾಯಿತು. “ನೆಟ್‌ವರ್ಕ್ ಇಲ್ಲ ಕಾಣ್ತದೆ,” ಎಂದು ಹಾಜಿಯವರು ಬೆನ್ನು ತಟ್ಟಿದರು. “ನಿನ್ನ ಮದುವೆ ಗಟ್ಟಿ ಮಾರಾಯ.”

ಆಮೇಲೆ ಹುಡುಗಿಯ ಕಡೆಯಿಂದ ಸುದ್ದಿಯೇ ಇಲ್ಲ. ನಾವು ಫೋನ್ ಮಾಡಿದರೆ ಎತ್ತುವುದಿಲ್ಲ. ಎಂಟು ದಿನ ನನಗೆ ಊಟ ಸೇರಲಿಲ್ಲ. ಕೆಲಸವನ್ನೇ ಬಿಟ್ಟು ಬೇರೆ ಏನಾದರೂ ಹುಡುಕೋಣವೇ ಎಂದೂ ಯೋಚಿಸಿದೆ. ಕಡಬದ ಕಡೆಗೆ ಒಂದು ವಾರ ಹೋಗಲೂ ಇಲ್ಲ.

ಒಂಬತ್ತನೆಯ ದಿನ ಮನಸ್ಸಿಲ್ಲದ ಮನಸ್ಸಿನಿಂದ ಕಡಬ ದಾರಿಯ ರಾಮಕುಂಜದ ಒಂದು ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿದೆ. ಅಂಗಡಿಯ ಅಕ್ಕ ಸೊಂಟಕ್ಕೆ ಕೈಯಿಟ್ಟು ಕಾದಿದ್ದರು.

“ಎಲ್ಲಿಗೆ ಹೋಗಿದ್ದದ್ದು ಇಷ್ಟು ದಿನ? ಕಾದು ಕಾದು ಸಾಕಾಯ್ತು. ಇನ್ನೊಮ್ಮೆ ಹೀಗೆ ಮಾಡಿದ್ರೆ ನಾನು ಬೇರೆಯವರನ್ನು ನೋಡ್ತೇನೆ.”

ಹಿಂದಿನಿಂದ ಒಂದು ಗಂಡು ಸ್ವರ ಬಂತು. “ಹಾಗಾದ್ರೆ ಕಡಬದ ಲೈನ್ ಇವರೇ?”

ತಿರುಗಿ ನೋಡಿದರೆ ಹುಡುಗಿಯ ಸೋದರಮಾವ. ಬಾಡಿಗೆ ಜೀಪಿನಲ್ಲಿ ಪುತ್ತೂರಿನಿಂದಲೇ ನನ್ನ ಹಿಂದೆ ಬಂದಿದ್ದರಂತೆ.

“ಹೌದು, ಇವರೂ ಕಡಬ ಲೈನೇ,” ಎಂದೆ ನಾನು, ಪೆದ್ದ. “ಈ ಲೈನಲ್ಲಿ ಇನ್ನೂ ನಲ್ವತ್ತು ಜನ ಇದ್ದಾರೆ.”

ಮಾವ ಜೀಪಿಗೆ ಒರಗಿದರು. “ನಲ್ವತ್ತಾ?”

ಮೊದಲು ವಿಷಯ ಹೊಳೆದದ್ದು ಮೊಮ್ಮಕ್ಕಳನ್ನು ಕಂಡ ಆ ಅಕ್ಕನಿಗೆ. ನಕ್ಕು ನಕ್ಕು ಅವರಿಗೆ ಉಸಿರು ಸಿಗಲಿಲ್ಲ. ಕಣ್ಣೊರೆಸಿಕೊಂಡು ಬಂದು ವ್ಯಾನಿನ ಹಿಂಬಾಗಿಲನ್ನು ಅವರೇ ತೆರೆದರು. “ನೋಡಿ ಅಣ್ಣ, ಇವನ ಲೈನ್.”

ಒಳಗೆ ಸಾಬೂನು, ಅಗರಬತ್ತಿ, ಮತ್ತೆ ಚಾವಣಿಯವರೆಗೂ ರಸ್ಕಿನ ಪೆಟ್ಟಿಗೆಗಳು. ಲೈನ್ ಸೇಲ್ ಎಂದರೇನು ಎಂದು ಅಕ್ಕ ಬಿಡಿಸಿ ಹೇಳಿದರು. ಮಾವ ಎಲ್ಲ ಕೇಳಿದರು. ಆದರೂ ಒಂದು ಪೆಟ್ಟಿಗೆ ಸರಿಸಿ ಅದರ ಹಿಂದೆಯೂ ಒಮ್ಮೆ ಇಣುಕಿದರು. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು. ನನಗೆ ಹೋದ ಜೀವ ಬಂದಂತಾಯಿತು; ಅಳುವೋ ನಗುವೋ ತಿಳಿಯಲಿಲ್ಲ.

ಅಲ್ಲಿಂದಲೇ ಅವರು ಹುಡುಗಿಯ ತಾಯಿಗೆ ಫೋನ್ ಮಾಡಿದರು. “ಹುಡುಗನದ್ದು ಎಂತ ತೊಂದರೆ ಇಲ್ಲ, ಮದುವೆ ಮಾಡುವ. ಲೈನ್ ಇರುದು ಹೌದು. ಆದ್ರೆ ಅದು ಬರೀ ರಸ್ಕಿನದ್ದು.”

ಆಚೆಯಿಂದ ನನ್ನ ಭಾವೀ ಅತ್ತೆಯ ಸ್ವರ ನಮಗೆಲ್ಲ ಕೇಳಿಸಿತು.

“ಈ ರಸ್ಕಿ ಯಾರ ಮಗಳು?”