ಹದಿನೇಳನೇ ನಂಬರಿನ ಕೆಸರು

ಆಯುಧಪೂಜೆಯ ಬೆಳಿಗ್ಗೆ ಭೀಮಸೇನ ಮಾಡಿದ ತಪ್ಪು ಇಷ್ಟೇ. ಸ್ಕೂಟರ್ ತೊಳೆಯಲು ಬಕೆಟ್ ಹಿಡಿದು ಕೆಳಗಿಳಿಯುವಾಗ ಕಪಾಟಿಗೆ ಬೀಗ ಹಾಕಲಿಲ್ಲ. ಸಾಲದ್ದಕ್ಕೆ ಹೆಂಡತಿಗೆ, "ಮನ್ಯಾಗಿರೋ ಒಂದ ಗಾಡಿನೂ ಪೂಜಿ ಇಲ್ದ ಉಳೀಬಾರ್ದು ನೋಡು" ಎಂದು ಬೇರೆ ಹೇಳಿ ಹೋದ. ಮನೆಯಲ್ಲಿದ್ದದ್ದು ಅದೊಂದೇ ಸ್ಕೂಟರ್. ಗಂಡ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಅಭ್ಯಾಸ ಪದ್ಮಾಳಿಗೆ ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ಎಂದೂ ಇರಲಿಲ್ಲ. ಗ್ರಹಚಾರ ಕೆಟ್ಟಾಗ ಅದೂ ಬರುತ್ತದೆ.

ಅರ್ಧ ಗಂಟೆ ಬಿಟ್ಟು ಅವನು ಮೇಲೆ ಬಂದಾಗ ದೇವರ ಮುಂದಿನ ಮಣೆಯ ಮೇಲೆ ಹದಿನೇಳನೇ ನಂಬರಿನ ರೇಸ್ ಕಾರು ನಿಂತಿತ್ತು. ಉದ್ದ ಮೊಳಕ್ಕೆ ಸ್ವಲ್ಪ ಕಡಿಮೆ. ಮೂತಿಗೆ ಅರಿಶಿನ ಕುಂಕುಮ, ಚಾಲಕನ ಸೀಟಿನಲ್ಲಿ ಒಂದು ಚೆಂಡುಹೂ. ನಿಂಬೆಹಣ್ಣು ಆ ಗಾಲಿಗಳಿಗೆ ತೀರ ದೊಡ್ಡದಾದ್ದರಿಂದ ಗಾಲಿಗಳ ಕೆಳಗೆ ನಾಲ್ಕು ದ್ರಾಕ್ಷಿ. ಹಸಿರು ಬಣ್ಣದ ಆ ಕಾರು ಈಗಷ್ಟೇ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಹೊಳೆಯುತ್ತಿದ್ದದ್ದೇ ಅನಾಹುತ.

"ಇದನ್ನ ತೊಳದಿ ಏನು?" ಅವನು ಬಕೆಟ್ ಕೆಳಗಿಟ್ಟು ಕೇಳಿದ.

"ತೊಳೀದ ಪೂಜಿ ಮಾಡ್ತಾರೇನ್ರಿ? ಗಾಲಿ, ಮಗ್ಗಲು ಎಲ್ಲಾ ಕೆಂಪು ರಾಡಿ ಮೆತ್ತಿತ್ತು. ಹಳೇ ಬ್ರಶ್ ತಗೊಂಡು ಸೋಪಿನ ನೀರಾಗ ಮೂರ ಸಲ ತಿಕ್ಕೀನಿ. ನಮ್ಮನ್ಯಾಗ ಕಾರು ಅಂತ ಇರೋದು ಇದೊಂದ."

ಭೀಮಸೇನ ಬಚ್ಚಲಿಗೆ ಓಡಿದ. ಜಾಲರಿ ಎತ್ತಿ ನೋಡಿದ. ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯ ಅಪಾರ್ಟ್‌ಮೆಂಟುಗಳಲ್ಲಿ ಬೇರೇನೂ ಸರಿಯಿಲ್ಲದಿದ್ದರೂ ನೀರು ಮಾತ್ರ ಚೆನ್ನಾಗಿ ಇಳಿದುಹೋಗುತ್ತದೆ. ಅಲ್ಲಿ ಒಂದು ಕಣವೂ ಉಳಿದಿರಲಿಲ್ಲ.

ಭೀಮಸೇನ ಗದಗಿನವನು, ವಾಹನ ವಿಮೆಯ ಕಂಪನಿಯೊಂದರಲ್ಲಿ ಕ್ಲೇಮು ಪರೀಕ್ಷಿಸುವ ಅಧಿಕಾರಿ. ದಿನವಿಡೀ ನುಜ್ಜುಗುಜ್ಜಾದ ಕಾರುಗಳ ಫೋಟೋ ನೋಡಿ, ಒಳಗಿದ್ದವರು ಬದುಕಿದರೇ ಸತ್ತರೇ ಎಂದು ಒಂದು ಚೌಕದಲ್ಲಿ ಗುರುತು ಹಾಕುವುದು ಅವನ ಉದ್ಯೋಗ. ಹಾಗೆ ಗುರುತು ಹಾಕುತ್ತ ಹಾಕುತ್ತ ಅವನ ಎದೆ ಒಣಗುತ್ತ ಬಂದಿತ್ತು. ವಡೋದರಾದಲ್ಲಿ ಕೆಲಸದಲ್ಲಿದ್ದ ಮೂರು ವರ್ಷ ಅವನನ್ನು ಮನುಷ್ಯನಾಗಿ ಉಳಿಸಿದ್ದು ನವನೀತಭಾಯಿ ಪಂಚಾಲರ ಹಿಂದಿನ ಕೋಣೆ.

ನವನೀತಭಾಯಿ ಕಾರ್ಖಾನೆಯೊಂದರ ಟೂಲ್‌ರೂಮಿನಿಂದ ನಿವೃತ್ತರಾದವರು. ಕಿಟಕಿಯ ಪಕ್ಕದ ಮೇಜಿನಲ್ಲಿ ಗಡಿಯಾರ ರಿಪೇರಿಯ ಲೇಥು, ದಂತವೈದ್ಯರು ಬಿಸಾಕಿದ ಕೊರೆಯುವ ಸೂಜಿಗಳು, ಕಣ್ಣಿಗೆ ಸಿಕ್ಕಿಸುವ ಮಸೂರ. ಅಷ್ಟರಲ್ಲೇ ಅವರು ರೇಸ್ ಕಾರುಗಳನ್ನು ಕಟ್ಟುತ್ತಿದ್ದರು. ಹದಿನೇಳನೇ ನಂಬರಿಗೆ ಹನ್ನೊಂದು ವರ್ಷ ಕೊಟ್ಟಿದ್ದರು. ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಗಾಲಿ ತಿರುಗುತ್ತಿತ್ತು. ಎಂಜಿನ್ನಿನ ಬಾಯಿಗೆ ಹಾಕಿದ ಜಾಲರಿ ಚಹಾ ಸೋಸುವ ಜರಡಿಯಿಂದ ಕತ್ತರಿಸಿದ್ದು. ಸೀಟ್ ಬೆಲ್ಟಿನ ಕೊಂಡಿ ಅಕ್ಕಿಕಾಳಿಗಿಂತ ಚಿಕ್ಕದು, ಆದರೂ ಅದನ್ನು ಬಿಚ್ಚಿ ಹಾಕಬಹುದಿತ್ತು. ಭೀಮಸೇನ ಭಾನುವಾರಗಳಲ್ಲಿ ಹೋಗಿ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, ಬರೀ ನೋಡುತ್ತ ಕೂರುತ್ತಿದ್ದ. ಮುಟ್ಟಬಾರದು ಎಂಬುದು ಆ ಕೋಣೆಯ ಕಟ್ಟಳೆ. ಅವರದು ಗುಜರಾತಿ ಬೆರೆತ ಹಿಂದಿ, ಇವನದು ಗದಗಿನ ಹಿಂದಿ, ಮಾತಿಗೇನೂ ತೊಂದರೆಯಾಗಲಿಲ್ಲ.

ಅವನಿಗೆ ಎಲ್ಲಕ್ಕಿಂತ ಬೆರಗು ತಂದದ್ದು ಆ ಕಾರಿನ ಗಾಲಿಗೂ ಪಕ್ಕೆಗೂ ಸಿಡಿದು ಒಣಗಿದ್ದ ಕೆಂಪು ಕೆಸರು. ಅಷ್ಟು ಸಣ್ಣ ಕಾರಿಗೆ ಅಷ್ಟು ನಿಜವಾದ ಕೆಸರನ್ನು ಬಣ್ಣದಲ್ಲಿ ಹೇಗೆ ತಂದರೋ ಎಂದು ಎರಡು ಸಲ ಕೇಳಿದ್ದ. ನವನೀತಭಾಯಿ ಎರಡು ಸಲವೂ ಚಹಾ ತರಿಸಿದ್ದರು, ಉತ್ತರ ಕೊಟ್ಟಿರಲಿಲ್ಲ.

ಈ ಸಂಜೆ ಐದಕ್ಕೆ ಅಹಮದಾಬಾದಿನ ಒಂದು ಸಭಾಂಗಣದಲ್ಲಿ ಇಂಥ ಪುಟ್ಟ ಕಾರು ಕಟ್ಟುವ ಹವ್ಯಾಸಿಗಳ ಪ್ರದರ್ಶನ. ಹದಿನೇಳನೇ ನಂಬರು ಮೊದಲ ಬಾರಿ ಮನೆ ಬಿಟ್ಟು ಹೊರಟಿತ್ತು. ರೈಲಿನ ನೂಕುನುಗ್ಗಲಿಗೆ ಹೆದರಿದ ನವನೀತಭಾಯಿ, ಹಿಂದಿನ ದಿನ ಆಫೀಸಿನ ಕಾರಿನಲ್ಲಿ ವಡೋದರಾಕ್ಕೆ ಬಂದಿದ್ದ ಭೀಮಸೇನನ ಕೈಗೆ ಪೆಟ್ಟಿಗೆ ಕೊಟ್ಟು, "ಕಾರು ಮುರಿದರೆ ಇನ್ನೊಂದು ಮಾಡ್ತೀನಿ. ಈ ಮಣ್ಣು ಮಾತ್ರ ಜೋಪಾನ" ಎಂದಿದ್ದರು. ಕಲಾವಿದರ ಹುಚ್ಚು ಎಂದುಕೊಂಡು ಅವನು ತಲೆಯಾಡಿಸಿದ್ದ. ಇಡೀ ಜಗತ್ತಿನಲ್ಲಿ ತನ್ನೊಬ್ಬನನ್ನೇ ನಂಬಿದ್ದಾರಲ್ಲ ಎಂಬ ಹೆಮ್ಮೆಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಈಗ ಗಂಟೆ ಎಂಟು. ಸಂಜೆಯೊಳಗೆ ಕೆಸರು ವಾಪಸು ಬರಬೇಕು.

ಎದುರು ಮನೆಯ ಜಾಗೃತಿಬೆನ್ ಬಾಗಿಲು ತೆರೆದೇ ಇದ್ದುದರಿಂದ ಒಳಗೆ ಬಂದರು. ನಾಲ್ಕನೇ ಮಹಡಿಯ ಚನ್ನಬಸಪ್ಪನನ್ನು ಪದ್ಮಾಳೇ ಫೋನ್ ಮಾಡಿ ಕರೆಸಿದಳು. ಅವನು ಹಾವೇರಿ ಕಡೆಯವನು, ರೈಲ್ವೆಯಲ್ಲಿ ಎಂಜಿನಿಯರು. ಯಾವ ಸಮಸ್ಯೆಯನ್ನೂ ಗೊತ್ತಿಲ್ಲ ಎಂದು ವಾಪಸು ಕಳಿಸಿದವನಲ್ಲ.

"ಇಷ್ಟಕ್ಕ ಯಾಕ ಬೆವರಾಕ್ಹತ್ತೀರಿ ಸರ? ಸ್ವಚ್ಛ ಮಾಡೂದು ಕಷ್ಟ. ಹೊಲಸು ಮಾಡಾಕ ಏನ ಬೇಕು? ಮಣ್ಣು, ನೀರು, ಒಂದೀಟ ಅಂಟು."

ಮಣ್ಣನ್ನು ಪಾರ್ಕಿಂಗಿನಿಂದ ತಂದರು. ಬೋಪಾಲಿನ ಮಣ್ಣು ಸಿಮೆಂಟಿನ ಬಣ್ಣದ್ದು. ಹಚ್ಚಿದರೆ ಕಾರು ಹಿಟ್ಟಿನ ಗಿರಣಿಯಿಂದ ಹೊರಬಂದಂತೆ ಕಂಡಿತು. ತೊಳೆದರು. ಜಾಗೃತಿಬೆನ್ ತಮ್ಮ ಗಡಿಗೆ ಮಾರುವವನ ಬಳಿ ಕೆಮ್ಮಣ್ಣು ಇರುತ್ತದೆ ಎಂದು ಫೋನ್ ಮಾಡಿದರು. ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಪದ್ಮಾ ಮಣ್ಣಿಗೆ ಕುಂಕುಮ ಬೆರೆಸಿದಳು. ರೇಸಿಗೆ ಅಮ್ಮನವರೇ ಹೊರಟಂತಾಯಿತು. ಅದನ್ನೂ ತೊಳೆದರು. ಕಟ್ಟಿದಂದಿನಿಂದ ನೀರು ಕಾಣದ ಕಾರು ಒಂದೇ ಮುಂಜಾನೆಯಲ್ಲಿ ಮೂರು ಸಲ ಮಿಂದಿತು.

ಹನ್ನೆರಡಕ್ಕೆ ಫೋನ್ ಬಂತು. ನವನೀತಭಾಯಿ.

"ಮಣ್ಣು ಉದುರಿಲ್ಲ ತಾನೇ?"

ನಿಜ ಹೇಳಿಬಿಡಬೇಕು ಎಂದೇ ಭೀಮಸೇನ ಫೋನ್ ಎತ್ತಿದ್ದ. "ನವನೀತಭಾಯಿ, ಒಂದು ಮಾತು..." ಎಂದ ಕೂಡಲೆ ಅವರು, "ರಾತ್ರಿಯೆಲ್ಲ ಅಂದುಕೊಳ್ತಿದ್ದೆ, ನನ್ನ ಮಗನ ಕೈಗೂ ಕೊಡ್ತಿರಲಿಲ್ಲ, ನಿಮ್ಮ ಕೈಗೆ ಕೊಟ್ಟೆ" ಎಂದರು.

"ಇದ್ದ ಹಾಗೇ ಇದೆ" ಎಂದ ಭೀಮಸೇನ. ಹೇಳಿದ ಮೇಲೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೆ ಹೇಸಿಗೆಯನ್ನು ಕಾರಿಗೆ ಹಚ್ಚುವಂತಿರಲಿಲ್ಲ.

"ಬ್ಯಾಡಗಿ ಪುಡಿ" ಎಂದ ಚನ್ನಬಸಪ್ಪ. "ಹುರದು ಕರ್ರಗ ಮಾಡಿ ಮಣ್ಣಾಗ ಕಲಸಿದ್ರ ಕೆಮ್ಮಣ್ಣು ಸುದ್ದಾ ನಾಚಬೇಕು."

"ಖಾರ ಅಲ್ಲೇನ್ರಿ ಅದು?" ಪದ್ಮಾ ಕೇಳಿದಳು.

"ಬ್ಯಾಡಗಿಗೆ ಬಣ್ಣ ಅಷ್ಟ ಐತ್ರಿ ವೈನಿ, ಖಾರ ಇಲ್ಲ. ನಮ್ಮ ಊರ ಬಾಜೂದಾಗ ಬೆಳಿಯೂದು, ನನಗ ಗೊತ್ತಿಲ್ಲೇನು?"

ಪುಡಿ ಬಾಣಲೆಗೆ ಬಿತ್ತು. ಮೂರನೇ ಮಹಡಿಯ ನಾಲ್ಕೂ ಮನೆಗಳು ಒಟ್ಟಿಗೆ ಕೆಮ್ಮಿದವು. ಜಾಗೃತಿಬೆನ್ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಉಸ್ತುವಾರಿ ಮಾಡಿದರು. ವಾಚ್‌ಮನ್ ಕೆಳಗಿನಿಂದ ಫೋನ್ ಮಾಡಿ, ಬೆಂಕಿ ಹತ್ತಿದೆಯೋ ಅಥವಾ ಯಾರಾದರೂ ತೀರಿಕೊಂಡರೋ ಎಂದು ವಿಚಾರಿಸಿದ. ಆದರೆ ಬಣ್ಣ ಬಂತು. ಬಾಣಲೆಯ ಪುಡಿ, ಪಾರ್ಕಿಂಗಿನ ಮಣ್ಣು, ಸೋಸಿದ ಚಹಾದ ಚರಟ, ಅಂಟು: ನಾಲ್ಕೂ ಸೇರಿ ತಟ್ಟೆಯಲ್ಲಿ ಅದೇ ಕೆಂಪು, ಅದೇ ಕಂದು.

ಹಚ್ಚಲು ಭೀಮಸೇನನೇ ಕೂತ. ಬೆಂಕಿಕಡ್ಡಿಯ ತುದಿಯಲ್ಲಿ ಒಂದೊಂದೇ ಹನಿ. ಎಡ ಹಿಂಗಾಲಿಯ ಒಳಗೆ ದಪ್ಪ, ಪಕ್ಕೆಯ ಮೇಲೆ ಬಾಲದ ಹಾಗೆ ಹಿಂದಕ್ಕೆ ಎಳೆದ ಮೂರು ಚಿಮ್ಮು, ಹದಿನೇಳರ ಏಳಿನ ಕಾಲಿಗೆ ತಾಗಿದ ಚುಕ್ಕಿ. ಮೂರು ವರ್ಷ ಬರೀ ನೋಡಿದವನಿಗೆ ಒಂದೂ ಮರೆತಿರಲಿಲ್ಲ. ಫೋಟೋ ಬೇಕಾಗಲಿಲ್ಲ. ಆ ಒಂದೂವರೆ ಗಂಟೆ ಅವನು ಸುಖವಾಗಿದ್ದ ಎನ್ನುವುದನ್ನು ಮುಚ್ಚಿಟ್ಟರೆ ಅವನಿಗೆ ಅನ್ಯಾಯ ಮಾಡಿದಂತೆ. ತನಗೂ ಒಂದು ಕಲೆ ಇದೆ ಎಂದು ಐವತ್ತೆರಡನೇ ವಯಸ್ಸಿನಲ್ಲಿ ಅವನಿಗೆ ಗೊತ್ತಾಯಿತು, ಅದು ಇಂಥ ಕೆಲಸಕ್ಕೆ ಒದಗಿತು.

ಚನ್ನಬಸಪ್ಪನ ಕಾರಿನಲ್ಲಿ ಮೂವರೂ ಸಭಾಂಗಣ ತಲುಪಿದಾಗ ನವನೀತಭಾಯಿ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ಕಾಯುತ್ತಿದ್ದರು. ಪೆಟ್ಟಿಗೆ ತೆರೆದು, ದಪ್ಪ ಕನ್ನಡಕದೊಳಗಿಂದ ಕಾರನ್ನು ಸುತ್ತಲೂ ನೋಡಿದರು. ಆಮೇಲೆ ಭೀಮಸೇನನ ಭುಜ ತಟ್ಟಿ, "ಇದ್ದ ಹಾಗೇ ಇದೆ" ಎಂದರು.

ಪದ್ಮಾ ಗಂಡನ ಕಡೆ ನೋಡಿ ನಕ್ಕಳು. ಚನ್ನಬಸಪ್ಪ ಮೀಸೆ ತಿರುವಿದ. ಕತೆ ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ಊಟ ಮಾಡಿ ಮಲಗಬಹುದಿತ್ತು.

ಮೇಜುಗಳ ಮೇಲೆ ನಲವತ್ತಕ್ಕೂ ಹೆಚ್ಚು ಕಾರುಗಳು. ಸೂರತಿನ ವಜ್ರ ಉಜ್ಜುವವನೊಬ್ಬ ತಂದ ಕಾರಿನ ದೀಪಗಳು ವಜ್ರವೇ ಇರಬೇಕೆಂದು ಅನುಮಾನ ಬರುವಂತೆ ಮಿನುಗುತ್ತಿದ್ದವು. ಆದರೂ ಜನ ಗುಂಪುಗಟ್ಟಿದ್ದು ಹದಿನೇಳನೇ ನಂಬರಿನ ಸುತ್ತ. ಮುದುಕರೊಬ್ಬರು ಮಸೂರ ಹಿಡಿದು, "ಕೆಸರು ನೋಡಿ, ಕೆಸರು" ಎಂದು ಹೆಂಡತಿಗೆ ತೋರಿಸುತ್ತಿದ್ದರು. ಭೀಮಸೇನನಿಗೆ ನಾಚಿಕೆಯ ಜೊತೆಗೆ ಚೂರು ಹೆಮ್ಮೆಯೂ ಆಯಿತು.

ಕಟ್ಟಿದವರು ತಮ್ಮ ಕಾರಿನ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದು ಮೈಕು ಕೊಟ್ಟರು. ನವನೀತಭಾಯಿ ಅದನ್ನು ಹಿಡಿದು ಕಾರಿನ ಪಕ್ಕಕ್ಕೆ ಬಂದು ನಿಂತರು.

"ಇದು ಯಾವ ಕಂಪನಿಯ ಕಾರು ಅಂತ ಎಲ್ಲರೂ ಕೇಳ್ತಾರೆ. ಕಂಪನಿ ಇಲ್ಲ. ನಾನು, ನನ್ನ ತಮ್ಮ ಜಯಂತ, ಇಬ್ಬರೇ ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಇದರ ದೊಡ್ಡ ಕಾರನ್ನ, ಓಡೋ ಕಾರನ್ನ ಕಟ್ಟಿದ್ದು. ಎಂಬತ್ತನಾಲ್ಕರಲ್ಲಿ ದಕ್ಷಿಣದ ಒಂದು ರೇಸಿಗೆ ತಗೊಂಡು ಹೋದೆವು. ಹಿಂದಿನ ದಿನ ಮಳೆಯಾಗಿತ್ತು. ಆರನೇ ಸುತ್ತಿನಲ್ಲಿ ಕಾರು ಮಗುಚಿತು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಅಸ್ಥಿ ನರ್ಮದೆಗೆ ಬಿಟ್ಟೆವು. ಗಾಲಿಗೆ ಮೆತ್ತಿದ್ದ ಕೆಸರನ್ನ ನಾನು ಕೆರೆದು ಔಷಧಿ ಬಾಟಲಿಯಲ್ಲಿ ಇಟ್ಟುಕೊಂಡೆ. ಈ ಪುಟ್ಟ ಕಾರು ಮುಗಿದ ದಿನ ಬಾಟಲಿಯಲ್ಲಿದ್ದಷ್ಟನ್ನೂ ಇದಕ್ಕೇ ಹಚ್ಚಿದೆ. ನೀವು ನೋಡ್ತಿರೋದು ಬಣ್ಣ ಅಲ್ಲ. ಅದು ಅವನ ಕೊನೇ ಸುತ್ತಿನ ಮಣ್ಣು."

ಪದ್ಮಾ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಜಯಂತ ಬೆಳಿಗ್ಗೆ ಏಳೂವರೆಗೆ ಸೋಪಿನ ನೀರಿನ ಜೊತೆ ಬೋಪಾಲಿನ ಚರಂಡಿಗೆ ಹೋಗಿದ್ದ.

"ವರ್ಷಕ್ಕೊಂದು ಸಲ ಒಂದು ಕಣ ಕಣ್ಣಿಗೆ ಒತ್ತಿಕೊಳ್ತೀನಿ. ಇವತ್ತು ಅವನು ಮೊದಲ ಸಲ ಹೊರಗೆ ಬಂದಿದಾನೆ" ಎಂದು ನವನೀತಭಾಯಿ ಬಗ್ಗಿ, ಎಡ ಹಿಂಗಾಲಿಯ ಒಳಗೆ ಉಗುರು ಹಾಕಿದರು. ದಪ್ಪಗೆ ಹಚ್ಚಿದ್ದು ಅಲ್ಲೇ.

"ನವನೀತಭಾಯಿ, ತಡೀರಿ..." ಎನ್ನುವಷ್ಟರಲ್ಲಿ ಅವರು ಕನ್ನಡಕ ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡಾಗಿತ್ತು.

ಮೊದಲು ಅವರ ರೆಪ್ಪೆ ಅದುರಿತು. ಆಮೇಲೆ ಎರಡೂ ಕಣ್ಣಿಂದ ನೀರು ಕೆನ್ನೆಗಿಳಿದು ಬಿಳಿ ಅಂಗಿಗೆ ಸುರಿಯಿತು. ಅವರು ಮೇಜು ಹಿಡಿದುಕೊಂಡರು. ಮಸೂರದ ಮುದುಕರು ಅತ್ತರು. ಸೂರತಿನವನು ಅತ್ತ. ನೋಡನೋಡುತ್ತ ಇಡೀ ಸಭಾಂಗಣ ಕರವಸ್ತ್ರ ತೆಗೆಯಿತು.

"ಖಾರ ಇಲ್ಲ ಅಂದಿದ್ರಲ್ಲ" ಎಂದ ಭೀಮಸೇನ, ಹಲ್ಲು ಕಚ್ಚಿ.

"ನಾ ಹೇಳಿದ್ದು ನಾಲಿಗಿಗೆ ಸರ, ಕಣ್ಣಿಗಲ್ಲ" ಎಂದ ಚನ್ನಬಸಪ್ಪ. ಅವನ ಕಣ್ಣಲ್ಲೂ ನೀರಿತ್ತು, ಬೇರೆ ಕಾರಣಕ್ಕೆ.

"ಅವನು ಹೋದ ದಿನ ನಾನು ಅಳಲಿಲ್ಲ" ಎಂದರು ನವನೀತಭಾಯಿ, ಕಣ್ಣು ಬಿಡಲಾಗದೆ. "ಆಮೇಲೂ ಅಳು ಬರಲೇ ಇಲ್ಲ. ನಲವತ್ತು ವರ್ಷ ಈ ಮಣ್ಣು ಒತ್ತಿಕೊಂಡೆ, ಒಂದು ಹನಿ ಬರಲಿಲ್ಲ. ಇವತ್ತು ಬಂತು. ಅವನು ಬಂದ. ಭೀಮಸೇನಜೀ ಎಲ್ಲಿದ್ದೀರಿ?"

ಜನ ದಾರಿ ಬಿಟ್ಟರು. ಭೀಮಸೇನ ಮುಂದೆ ಹೋದ. ಈಗಲಾದರೂ ಹೇಳಿಬಿಡಬೇಕು. ಬಾಯಿ ತೆರೆದ. ಆ ಮುಖದ ಮೇಲೆ ನಲವತ್ತು ವರ್ಷದ ಗಂಟು ಬಿಚ್ಚಿದಂಥ ನೆಮ್ಮದಿಯಿತ್ತು. ಅವನ ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಒಂದು ರಾತ್ರಿ ನನ್ನ ತಮ್ಮನನ್ನ ನಿಮ್ಮ ಮನೆಯಲ್ಲಿ ಇಟ್ಟುಕೊಂಡಿರಿ. ಇನ್ನು ಮೇಲೆ ನೀವೂ ನಮ್ಮ ಮನೆಯವರೇ. ಪ್ರತಿ ವರ್ಷ ಇಬ್ಬರೂ ಕೂಡಿಯೇ ಒತ್ತಿಕೊಳ್ಳೋಣ" ಎನ್ನುತ್ತ ನವನೀತಭಾಯಿ ತಡವರಿಸಿ ಗಾಲಿಯನ್ನು ಹುಡುಕಿ, ಈ ಸಲ ಇನ್ನಷ್ಟು ಧಾರಾಳವಾಗಿ ಕೆರೆದರು.

ಭೀಮಸೇನ ತನ್ನ ಕನ್ನಡಕ ತೆಗೆದ. ಕಣ್ಣು ಮುಚ್ಚಿ, ಮುಖವನ್ನು ಮುಂದಕ್ಕೆ ಚಾಚಿ ನಿಂತ.