ಫೋನಿನಲ್ಲಿ ‘ಬರ್ತೇನೆ’ ಎನ್ನಬಾರದು

ಮೂರು ಶಾಲೆಗಳನ್ನು ಒಂದೇ ನೊಗಕ್ಕೆ ಕಟ್ಟಲು ಹೊರಟವನಿಗೆ ನಗೆಪಾಟಲು ತಪ್ಪಿದ್ದಲ್ಲ. ಅರುವತ್ತರ ದಶಕದಲ್ಲಿ ನಾನು ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳಲ್ಲಿ ಶಾಲೆ ನಡೆಸುತ್ತಿದ್ದ ಒಂದು ಸಂಘದ ಹಂಗಾಮಿ ಗುಮಾಸ್ತ, ಕೂರುವುದು ಬಂಟ್ವಾಳದ ಶಾಲೆಯಲ್ಲಿ. ಮೂರು ಕಡೆಯ ಪತ್ರವ್ಯವಹಾರಕ್ಕೂ ಒಂದೇ ಯೋಜನೆ ಮಾಡಿ ವರ್ಷ ನಡೆಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ ಎಂದಿದ್ದರು ಸಂಚಾಲಕರು. ಮದುವೆ ನಿಶ್ಚಯವಾಗಿದ್ದ ನನಗೆ ಅದು ನಗುವ ವಿಷಯವಾಗಿರಲಿಲ್ಲ.

ಎಂಟು ಬೆಂಚು

ಮೊದಲಿಗೆ ಮೂರು ಶಾಲೆಗೂ ಸೇರಿ ಒಂದು ಕನ್ನಡ ಟೈಪ್‌ರೈಟರು, ಒಂದೊಂದು ಊರಲ್ಲಿ ಹತ್ತು ದಿನ. ಬಸ್ಸಿನಲ್ಲಿ ಓಡಾಡಿ ಓಡಾಡಿ ಅದರ ‘ಳ’ ಮುರಿಯಿತು. ಬೆಳ್ತಂಗಡಿಯ ಹೆಡ್‌ಮಾಸ್ಟರು ಧೈರ್ಯವಂತರು, ‘ಲ’ ಒತ್ತಿ ಸುಧಾರಿಸಿದರು. ‘ಎಂಟು ಬೆಂಚುಗಲು ಪೂರಾ ಹಾಲಾಗಿವೆ’ ಎಂದು ಮನವಿ ಬಂತು. ಸಂಚಾಲಕರು ಅದರ ಬದಿಯಲ್ಲೇ ಬರೆದರು: ‘ಹೆಪ್ಪು ಹಾಕಿ. ಮೊಸರಾದ ಮೇಲೆ ತಿಳಿಸಿ.’

ಮಾದರಿಯಂತೆ

ಗೈರುಹಾಜರಿಗೆ ಒಂದೇ ನಮೂನೆ ಮಾಡಿದೆ. ಮೊದಲ ಸಾಲಿನಲ್ಲಿ ‘ಕಾರಣ: ಹಲಸಿನಹಣ್ಣು ತಿಂದು ಹೊಟ್ಟೆನೋವು’ ಎಂದು ನಾನೇ ತುಂಬಿ, ‘ಮಾದರಿಯಂತೆ ತುಂಬಿಸಿ’ ಎಂದು ಕೆಳಗೆ ಬರೆದೆ. ಮೂಡಬಿದ್ರೆಯವರು ಹೇಳಿದ ಮಾತು ಮೀರುವವರಲ್ಲ. ಶಾಲೆಗೆ ಬಾರದ ಅಷ್ಟೂ ಮಕ್ಕಳಿಗೆ ಹಲಸಿನಹಣ್ಣಿನ ಹೊಟ್ಟೆನೋವು, ಅದೂ ದಶಂಬರದಲ್ಲಿ.

“ಈ ಚಳಿಯಲ್ಲಿ ಹಲಸು ಎಲ್ಲಿ ಸಿಗ್ತದೆ ಮಾರಾಯ?” ಎಂದರು ಸಂಚಾಲಕರು. “ನನಗೂ ಒಂದು ತರಿಸು.”

ಬರ್ತೇನೆ

ಕೊನೆಗೆ ಮೂರು ಶಾಲೆಗೂ ಫೋನು ಬಂತು. ಸಂಚಾಲಕರು ಬೆಳ್ತಂಗಡಿಯ ಶಾಲೆಗೆ ಮಾತಾಡಿ, ನೆಂಟರ ಮನೆಯಿಂದ ಎದ್ದು ಹೊರಡುವವರಂತೆ “ಹಾಗಾದ್ರೆ ಬರ್ತೇನೆ” ಎಂದು ಮುಗಿಸಿದರು. ಅಲ್ಲಿ ಹೆಡ್‌ಮಾಸ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಳನೀರು ಕೆತ್ತಿಸಿಟ್ಟು ಸಂಜೆಯವರೆಗೆ ಕಾದರು. ಸಂಚಾಲಕರು ಬರಲಿಲ್ಲ, ಬೈಗುಳ ಮಾತ್ರ ನನಗೆ ಬಂತು. ಕೂಡಲೇ ಸುತ್ತೋಲೆ ಕಳಿಸಿದೆ: ಫೋನಿನಲ್ಲಿ ‘ಬರ್ತೇನೆ’ ಎನ್ನಬಾರದು, ‘ಇಡ್ತೇನೆ’ ಎನ್ನಬೇಕು.

ವರ್ಷ ಮುಗಿಯುವ ದಿನ ಸಂಚಾಲಕರ ಫೋನು ಬಂದಾಗ, ನನ್ನನ್ನು ಕೆಲಸಕ್ಕೆ ಇಡ್ತೀರೋ ಇಲ್ಲವೋ ಎಂದು ಕೇಳಿಯೇಬಿಟ್ಟೆ. “ಇಡ್ತೇನೆ” ಎಂದರು. ಮಾತು ಮುಗಿಯಿತು.

ಖುಷಿಯಿಂದ ಇಡೀ ಶಾಲೆಗೆ ಲಾಡು ಹಂಚಿದೆ. ಮರುದಿನ ಸಂಚಾಲಕರು ಬಂದವರು ಒಂದು ತಿಂದು, ಎರಡನೆಯದಕ್ಕೆ ಕೈಹಾಕುತ್ತಾ ಏನು ವಿಶೇಷ ಎಂದರು. ಹೇಳಿದೆ. ಕೈ ಅಲ್ಲೇ ನಿಂತಿತು.

“ನಾನು ಇಡ್ತೇನೆ ಅಂದದ್ದು ಫೋನು, ಮಾರಾಯ.”

ಅವರು ನನ್ನ ಮುಖ ನೋಡಿದರು, ಲಾಡಿನ ತಟ್ಟೆ ನೋಡಿದರು. ಕೊನೆಗೆ ಎರಡನೆಯದನ್ನೂ ಬಾಯಿಗಿಟ್ಟು, “ತಿಂದಾಯ್ತಲ್ಲ, ಇನ್ನೇನು ಮಾಡುವುದು? ಆರ್ಡರು ಟೈಪು ಮಾಡು” ಎಂದರು.

ಟೈಪ್‌ರೈಟರು ಆ ದಿನ ನಮ್ಮಲ್ಲೇ ಇತ್ತು, ‘ಳ’ ಇನ್ನೂ ರಿಪೇರಿಯಾಗಿರಲಿಲ್ಲ. ಅವರು ಓದದೆ ಸಹಿ ಹಾಕಿದ ಆ ಕಾಗದ ಈಗಲೂ ನನ್ನ ಹತ್ತಿರ ಇದೆ: ‘ಸದರಿ ಗುಮಾಸ್ತನನ್ನು ಇಂದಿನಿಂದ ಖಾಯಂ ಆಗಿ ಇಟ್ಟು ಕೊಲ್ಲಲಾಗಿದೆ.’