ನನ್ನ ಕಂಬಳಿ ಹೊದ್ದ ಕೊಲೆಗಾರರಿಗೆ

ಗೆ,
ಮುಖ ತೋರಿಸದ ಕೊಲೆಗಾರ ಮಹಾಶಯರು,
‘ಮಟ್ಟಿಯ ಮರ್ಮ’ ಧಾರಾವಾಹಿ,
ಪ್ರತಿ ಶನಿವಾರ ಸಂಜೆ ಏಳೂವರೆ.

ಮಾನ್ಯರೇ,

ಹೊಸದುರ್ಗ ತಾಲೂಕು ಬೋರಪ್ಪನಹಟ್ಟಿಯ ಕುರಿಗಾಹಿ ಚಿತ್ರಲಿಂಗಪ್ಪನು ತಮಗೆ ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮ, ಕುರಿಗಳೂ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುವುದಿಲ್ಲ, ಯಾಕೆಂದರೆ ಹನ್ನೊಂದು ವಾರದಲ್ಲಿ ಒಂಬತ್ತು ಜನರನ್ನು ಮುಗಿಸಿಯೂ ಒಂದು ಕೆಮ್ಮು ನೆಗಡಿಯಿಲ್ಲದೆ ತಾವು ಗುಡ್ಡ ಹತ್ತಿ ಇಳಿಯುವುದನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೇವೆ. ತಮ್ಮ ಹೆಸರು ಇನ್ನೂ ಯಾರಿಗೂ ಗೊತ್ತಿಲ್ಲದ ಕಾರಣ ವಾಹಿನಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ಇದರ ಇನ್ನೊಂದು ಪ್ರತಿಯನ್ನು ಹೊಸದುರ್ಗದ ಪತ್ರಿಕೆಯವರಿಗೆ ಕೊಡುವವನಿದ್ದೇನೆ. ನಾನು ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಕೋಲು ಹಿಡಿದವನು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಸಿಟ್ಟು ಕಂಡರೆ ತಿದ್ದಬೇಡಿ, ಅದು ಸರಿಯಾಗಿಯೇ ಬರೆದದ್ದು.

ತಾವು ನಾಟಕದ ಕೊಲೆಗಾರರೆಂದು ನನಗೆ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ, ಯಾಕೆಂದರೆ ತಾವು ಕೊಂದದ್ದು ನಾಟಕವಾದರೂ ಹೊದ್ದದ್ದು ನನ್ನ ಕಂಬಳಿ.

ಮೊದಲು ತಮ್ಮ ಕಸುಬನ್ನು ಮೆಚ್ಚಿ ನಾಲ್ಕು ಮಾತು ಹೇಳುವುದು ಮರ್ಯಾದೆ. ತಾವು ಬರುವ ಮುಂಚೆ ಒಂದು ಸಂಗೀತ ಬರುತ್ತದೆ, ಇಡೀ ಜಿಲ್ಲೆಗೆ ಕೇಳುವಷ್ಟು ಜೋರಾಗಿ ಬರುತ್ತದೆ, ಆದರೂ ಸಾಯುವವರಿಗೆ ಮಾತ್ರ ಅದು ಕೇಳಿಸದಂತೆ ನೋಡಿಕೊಂಡಿದ್ದೀರಿ, ಇದು ಸಾಮಾನ್ಯ ವಿದ್ಯೆಯಲ್ಲ. ಒಬ್ಬರು ಸತ್ತ ಕೋಣೆಗೇ ಇನ್ನೊಬ್ಬರು ‘ಯಾರಲ್ಲಿ?’ ಎಂದು ಕೂಗುತ್ತ ಒಂಟಿಯಾಗಿ ಬರುತ್ತಾರೆ, ದೀಪದ ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇದ್ದರೂ ಒತ್ತುವುದಿಲ್ಲ. ಇಷ್ಟು ವಿಧೇಯರಾದ ಜನ ನಿಮ್ಮ ಪಾಲಿಗೆ ಎಲ್ಲಿ ಸಿಕ್ಕರೋ ಕಾಣೆ, ನನ್ನ ಕುರಿಗಳೂ ಇಷ್ಟು ಹೇಳಿದ ಮಾತು ಕೇಳುವುದಿಲ್ಲ. ಮತ್ತೆ ಮಾರ್ಚ್ ತಿಂಗಳ ಬಿಸಿಲಲ್ಲಿ, ಜೋಗಿಮಟ್ಟಿಯಂಥ ಗುಡ್ಡದ ಮೇಲೆ, ತಲೆಯಿಂದ ಮೊಣಕಾಲವರೆಗೆ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಒಂದು ಹನಿ ಬೆವರದೆ ಓಡುತ್ತೀರಲ್ಲ, ಐವತ್ತೆಂಟು ವರ್ಷ ಕಂಬಳಿ ಹೊದ್ದ ನನಗೇ ಆ ಸಿದ್ಧಿ ಬಂದಿಲ್ಲ. ಕೊಪ್ಪೆ ಎಂದರೆ ಮಳೆ ಬಂದಾಗ ತಲೆ ನೆನೆಯದಿರಲೆಂದು ಹಾಕುವುದು, ಮಹಾಶಯರೇ. ಮಳೆ ಬಂದಾಗ.

ಇನ್ನು ತಮ್ಮಿಂದ ನನಗಾದ ಉಪಕಾರಗಳನ್ನು ಹೇಳುತ್ತೇನೆ. ಹೊಸದುರ್ಗದ ಬಸ್ಸು ಹತ್ತಿದರೆ ಈಗ ನನ್ನ ಪಕ್ಕದ ಸೀಟು ಖಾಲಿ ಉಳಿಯುತ್ತದೆ, ಕಾಲು ಚಾಚಿ ಕೂರುತ್ತೇನೆ. ಹೊಲಕ್ಕೆ ಗೊಬ್ಬರವಾಗಲೆಂದು ವರ್ಷಾವರ್ಷ ನನ್ನ ಕುರಿಮಂದೆಯನ್ನು ಕರೆಸಿ ನಿಲ್ಲಿಸಿಕೊಳ್ಳುವ ಏಕಾಂತಪ್ಪನ ಮನೆಗೆ ಹಗಲು ಹತ್ತು ಗಂಟೆಗೆ ಹೋದರೆ, ಅವನ ಮೊಮ್ಮಕ್ಕಳು ಕಿಟಕಿಯಲ್ಲಿ ನನ್ನನ್ನು ನೋಡಿ ಬಾಗಿಲಿನ ಚಿಲಕ ಹಾಕಿಕೊಂಡು ಒಳಗಿನಿಂದಲೇ “ಬಂದಾ, ಮಟ್ಟಿ ಕೊಲೆಗಾರ ಬಂದಾ” ಎಂದು ಕಿರುಚಿದರು. ಇಪ್ಪತ್ತು ವರ್ಷ ಇದೇ ಮನೆಯ ಜಗಲಿಯಲ್ಲಿ ಮಜ್ಜಿಗೆ ಕುಡಿದವನು ನಾನು. ಅಂದು ಬಿಸಿಲಲ್ಲಿ ನಿಂತು, ನಾನು ಯಾರನ್ನೂ ಕೊಂದಿಲ್ಲವೆಂದು ಮುಚ್ಚಿದ ಬಾಗಿಲಿಗೆ ವಿವರಿಸಿದೆ. ಇದನ್ನೆಲ್ಲ ನಾನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಆದರೆ ತಾವು ನನ್ನ ಮನೆಯೊಳಕ್ಕೂ ಬಂದಿರಿ.

ನನ್ನ ಮೊಮ್ಮಗಳು ಸುಷ್ಮಿತಾ ಹೆರಿಗೆಗೆ ಬಂದು ನಮ್ಮಲ್ಲೇ ಇದ್ದಾಳೆ. ಹೆಣ್ಣುಮಗು. ಬರುವ ಭಾನುವಾರ ಹೆಸರಿಡುವುದು. ನಮ್ಮ ಮನೆತನದಲ್ಲಿ ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಮನೆಯ ಹಿರಿಯ ಕೈಯಾರೆ ಹಾಸಿದ ಹೊಸ ಕರಿ ಕಂಬಳಿಯ ಮೇಲೆ ಮಲಗಿಸಬೇಕು, ಅರಿಶಿನ ಹಾಕಬೇಕು, ಆಮೇಲೆ ಕಿವಿಯಲ್ಲಿ ಹೆಸರು. ನನ್ನನ್ನು ಮಲಗಿಸಿದ್ದು ನನ್ನ ತಾತ, ಸುಷ್ಮಿತಾಳನ್ನು ಮಲಗಿಸಿದ್ದು ನಾನು. ಈ ಕೂಸಿಗೆಂದು ಮರಿಗಳ ಮೊದಲ ಕತ್ತರಿಯ ಮೆತ್ತನೆ ಉಣ್ಣೆ ಎತ್ತಿಟ್ಟು, ನನ್ನ ಹೆಂಡತಿ ಚಂದ್ರಕ್ಕನ ಕೈಯಲ್ಲಿ ನೂಲು ತೆಗೆಸಿ, ಕಂಬಳಿ ನೇಯುವ ಬೋರಣ್ಣನ ಮಗ್ಗದ ಮುಂದೆ ನಾನೇ ಕೂತು ನೇಯಿಸಿದ್ದೇನೆ. ಅದನ್ನು ಮನೆಗೆ ತಂದು ಬಿಡಿಸಿ ತೋರಿಸಿದರೆ ಆ ಹುಡುಗಿ ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿಬಿಟ್ಟಳು. “ತಾತ, ನೀನು ತಪ್ಪು ತಿಳ್ಕಬ್ಯಾಡ. ಆ ಕರೇ ಕಂಬಳಿ ಕಂಡ್ರೆ ಎದೆ ಝಲ್ ಅಂತೈತೆ. ನನ್ ಕೂಸ್ನ ಅದರ ಮ್ಯಾಲೆ ಮಲಗ್ಸಲ್ಲ. ಬೆಡ್‌ಶೀಟ್ ಹಾಸು” ಎಂದಳು. ಬೆಡ್‌ಶೀಟು! ಅದರ ಮೇಲೆ ಗುಲಾಬಿ ಬಣ್ಣದ ಕರಡಿಗಳ ಚಿತ್ರ ಇದೆ. ಕರಡಿಗೆ ಹೆದರದವಳು ಕಂಬಳಿಗೆ ಹೆದರುತ್ತಾಳೆ.

ಈ ಜಾಗದಲ್ಲಿ ಒಂದು ಪದ ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದುವ ತೊಂದರೆ ತೆಗೆದುಕೊಳ್ಳಬೇಡಿ, ಅದು ತಮಗೆ ಸಂಬಂಧಿಸಿದ್ದೇ.

ಬಾಣಂತಿಯನ್ನು ಬೈಯಲು ಬರುವುದಿಲ್ಲ. ಹೆದರಿಕೆ ಬುದ್ಧಿ ಹೇಳಿದರೆ ಹೋಗುವಂಥದ್ದಲ್ಲ, ಅದು ನನಗೂ ಗೊತ್ತು. ಹಾಗಾಗಿ, ತಾವು ಕುರಿಗಾರರಲ್ಲವೆಂದು ರುಜುವಾತು ಮಾಡಿದರೆ ಅವಳ ಭಯ ಕಂಬಳಿಯನ್ನು ಬಿಟ್ಟು ಹೋದೀತು ಎಂದುಕೊಂಡು ಹಿಂದಿನ ಕಂತುಗಳನ್ನೆಲ್ಲ ಫೋನಿನಲ್ಲಿ ಮತ್ತೆ ನೋಡಿದೆ. ತಾವು ಹೊದ್ದದ್ದು ಕಂಬಳಿಯೇ ಅಲ್ಲ, ಮಿಲ್ಲಿನ ರಗ್ಗು, ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಅದೂ ಇರಲಿ. ಕೊಪ್ಪೆಯ ತುದಿಗೆ ತಾವು ಹಾಕುವ ಗಂಟು, ಕೈ ಮುರಿದವರಿಗೆ ಕೊರಳಿನಿಂದ ಬಟ್ಟೆ ಇಳಿಬಿಟ್ಟು ಕಟ್ಟುವ ಗಂಟು. ಎರಡನೇ ಕಂತಿನಲ್ಲಿ ನಿಮ್ಮ ಧಾರಾವಾಹಿಯ ಡಾಕ್ಟರು ಒಬ್ಬ ಹುಡುಗನಿಗೆ ಹಾಕಿದ್ದು ಅದೇ ಗಂಟು. ನಮ್ಮಲ್ಲಿ ಯಾವ ಕುರಿಗಾರನ ಕೈಗೂ ಆ ಗಂಟು ಬರುವುದಿಲ್ಲ. ಅಲ್ಲಿಗೆ ತಾವು ಡಾಕ್ಟರು ಎಂದು ತೀರ್ಮಾನವಾಯಿತು. ಇದನ್ನು ಹೇಳಿದಾಗ, ಚಿಕ್ಕಜಾಜೂರಿನಲ್ಲಿ ರೈಲ್ವೆ ಗೇಟು ಕಾದು ರಿಟೈರಾದ ಪಂಚಾಕ್ಷರಪ್ಪ, ಮನುಷ್ಯರ ಮುಖ ನೋಡಿ ಟಿಕೆಟ್ ಇಲ್ಲದವರನ್ನು ಹೇಳುತ್ತಿದ್ದೆ ಎನ್ನುವವನು, ತೊಡೆ ತಟ್ಟಿ “ಲೇ, ಗಂಟು ನೋಡಿ ಕಳ್ಳನ್ನ ಹಿಡಿದ್ಯಲ್ಲೋ!” ಎಂದ. ಸುಷ್ಮಿತಾಳ ಗಂಡ ಚೇತನ್‌ಕುಮಾರ್ ಅದನ್ನು ನನ್ನ ಹೆಸರು ಹಾಕಿ ವಾಹಿನಿಯ ಪುಟದ ಕೆಳಗೆ, ಪ್ರೇಕ್ಷಕರು ಅಭಿಪ್ರಾಯ ಬರೆಯುವ ಜಾಗದಲ್ಲಿ ಬರೆದ. ನಾಲ್ಕು ಸಾವಿರ ಜನ ಹೆಬ್ಬೆರಳು ಎತ್ತಿದರಂತೆ. ನನ್ನ ಜನ್ಮದಲ್ಲಿ ಅಷ್ಟು ಜನ ನನ್ನ ಮಾತು ಒಪ್ಪಿದ್ದು ಅದೇ ಮೊದಲು.

ಮುಂದಿನ ಶನಿವಾರ ನೋಡಿದರೆ ಡಾಕ್ಟರು ಶವವಾಗಿ ಬಿದ್ದಿದ್ದಾರೆ!

ಮಾನ್ಯರೇ, ಇದು ಯಾವ ಸೀಮೆಯ ನ್ಯಾಯ? ಪ್ರೇಕ್ಷಕರು ಕಂಡುಹಿಡಿದರೆಂದು ಕೊಲೆಗಾರನನ್ನೇ ಕೊಂದು, ಕೊಲೆಯನ್ನು ಇನ್ನೊಬ್ಬನ ತಲೆಗೆ ಕಟ್ಟುವುದೇ? ನನ್ನ ಅಭಿಪ್ರಾಯದಿಂದ ಒಬ್ಬ ಡಾಕ್ಟರು ಹೋದರೆಂಬ ಸಂಕಟ ಒಂದು ಕಡೆ, ಊರಲ್ಲಿ ನನ್ನ ಬಾಯಿಗೆ ಬಂದ ಕೆಟ್ಟ ಹೆಸರು ಇನ್ನೊಂದು ಕಡೆ. “ಇನ್ನ ಮ್ಯಾಲೆ ಯಾರ ಬಗ್ಗೇನೂ ಅಭಿಪ್ರಾಯ ಹೇಳ್ಬ್ಯಾಡ ಮಾರಾಯ, ಉಳಿದೋರಾದ್ರೂ ಬದುಕ್ಕಳ್ಲಿ” ಎಂದು ಅದೇ ಪಂಚಾಕ್ಷರಪ್ಪ ಕೈಮುಗಿದ. ಪಕ್ಕದ ಮನೆಯ ಓಬಕ್ಕ ಮಾತ್ರ ಬೇಲಿಯ ಹತ್ತಿರ ಬಂದು ಮೆಲ್ಲಗೆ, “ಅಣ್ಣಾ, ಒಂಬತ್ತು ಗಂಟೆ ಧಾರಾವಾಹಿಯಾಗೆ ಒಬ್ಬಳು ಅತ್ತೆ ಅವಳೆ, ಅವಳ ಮ್ಯಾಲೂ ಒಂದು ಅಭಿಪ್ರಾಯ ಹಾಕ್ಸಣ್ಣ” ಎಂದು ಅರ್ಜಿ ಕೊಟ್ಟು ಹೋದಳು. ಡಾಕ್ಟರು ಸತ್ತ ಮೇಲೆ ನಿಮ್ಮ ಕಥೆಯಲ್ಲಿ ಅನುಮಾನಕ್ಕೆ ಉಳಿದ ಪಾತ್ರ ಒಂದೇ, ಆ ಗುಡ್ಡದಲ್ಲಿ ಮಂದೆ ಕಾಯುವ, ನನ್ನಂಥದ್ದೇ ಒಬ್ಬ ಕುರಿಗಾರ. ಸುಷ್ಮಿತಾ ನನ್ನ ಮುಖ ನೋಡದೆ ಗುಲಾಬಿ ಕರಡಿಗಳನ್ನು ಒಗೆದು ಒಣಗಹಾಕಿದಳು.

ಆದ್ದರಿಂದ ತಮ್ಮಲ್ಲಿ ವಿನಂತಿ. ಎಳೆದದ್ದು ಸಾಕು, ಈ ಶನಿವಾರವೇ ಮುಖ ತೋರಿಸಿ, ಭಾನುವಾರ ಬೆಳಿಗ್ಗೆ ನನಗೆ ಕೆಲಸವಿದೆ. ತೋರಿಸುವ ಮುಖ ಕುರಿಗಾರನದಾಗಿರಕೂಡದು. ಸತ್ತ ಡಾಕ್ಟರನ್ನು ಎಬ್ಬಿಸಿ ತಪ್ಪೊಪ್ಪಿಸಿದರೂ ನಡೆದೀತು, ಸತ್ತವರು ಎದ್ದು ಬರುವುದು ನಿಮ್ಮ ವಾಹಿನಿಯಲ್ಲಿ ಹೊಸದಲ್ಲ. ಹಾಗೆಯೇ ಏಕಾಂತಪ್ಪನ ಮನೆಗೆ ತಾವೇ ಖುದ್ದಾಗಿ ಹೋಗಿ ಮಕ್ಕಳಿಗೆ ಮುಖ ತೋರಿಸಿ, ನನ್ನ ಪಾಲಿನ ಮಜ್ಜಿಗೆಯನ್ನು ಬಿಡಿಸಿಕೊಡಬೇಕು. ಇನ್ನು ಮುಂದೆ ಕೊಲೆಗೆ ಹೋಗುವಾಗ ನಿರ್ದೇಶಕರ ಕೋಟನ್ನು ಹಾಕಿಕೊಂಡು ಹೋಗಿ, ಜನ ಕೋಟು ಹಾಕಿದವರನ್ನು ಕಂಡು ಸ್ವಲ್ಪ ಹೆದರುವುದನ್ನು ಕಲಿಯಲಿ, ಅದರಿಂದ ನಾಡಿಗೆ ಒಳ್ಳೆಯದೇ ಆದೀತು.

ಮಾನ್ಯರೇ, ಬುಧವಾರ ಇಲ್ಲಿಯವರೆಗೆ ಬರೆದು, ಅಂಚೆಗೆ ಹಾಕಲು ಹೊಸದುರ್ಗಕ್ಕೆ ಹೋಗಲಾಗದೆ ಕಾಗದವನ್ನು ಮಾಡಿನ ಸಂದಿಗೆ ಸಿಕ್ಕಿಸಿದ್ದೆ. ಉಳಿದದ್ದನ್ನು ಸೋಮವಾರ ಬರೆಯುತ್ತಿದ್ದೇನೆ.

ನಾನು ಅಂಚೆಗೆ ಹಾಕದೆಯೇ ತಾವು ಓದಿಬಿಟ್ಟಿರೇನೋ, ಶನಿವಾರದ್ದೇ ಕೊನೆಯ ಕಂತು ಎಂದು ಶುಕ್ರವಾರ ಟಿವಿಯಲ್ಲಿ ಹೇಳಿದರು. ‘ಪ್ರೇಕ್ಷಕರು ಊಹಿಸಲಾರದ ತಿರುವು’ ಎಂದರು. ಎಲ್ಲರ ಊಹೆಯೂ ಕುರಿಗಾರನ ಮೇಲೇ ಇರುವಾಗ ಇನ್ನು ಅವನಂತೂ ಆಗಿರಲಾರ ಎಂದು ನಾನು ಸಮಾಧಾನಪಟ್ಟೆ. ಶನಿವಾರ ಏಳೂವರೆಗೆ ಎಲ್ಲರೂ ಕೂತರು. ಸುಷ್ಮಿತಾಳೂ ಬಾಗಿಲ ಮರೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೂತಳು. ಸಂಗೀತ ಬಂತು. ತಾವು ಬಂದಿರಿ. ಕೊಪ್ಪೆ ಸರಿಸಿದಿರಿ. ಕುರಿಗಾರ!

ಯಾರೂ ನನ್ನ ಕಡೆ ತಿರುಗಲಿಲ್ಲ. ಚಂದ್ರಕ್ಕ ಎದ್ದು ಒಳಗೆ ಹೋಗಿ ನಾಳೆಗೆ ಹಾಸಲೆಂದು ಬೆಡ್‌ಶೀಟನ್ನು ಮಡಿಸಿಡುವ ಸದ್ದು ನನಗೆ ಕೇಳಿಸಿತು. ನಾಲ್ಕು ತಲೆಮಾರಿನ ಸಂಪ್ರದಾಯ ನನ್ನ ಕೈಯಲ್ಲೇ ನಿಂತಿತು ಎಂದುಕೊಂಡು, ಟಿವಿಯನ್ನು ಎತ್ತಿ ಅಂಗಳಕ್ಕೆ ಎಸೆಯುವ ಯೋಚನೆಯಲ್ಲೇ ಎದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ತಾವು, ಪೊಲೀಸರು ಸುತ್ತುವರಿದಾಗ, ನಾನು ಹುಟ್ಟು ಕುರಿಗಾರ ಎಂದು ಒಂದು ಭಾಷಣ ಮಾಡಿ, ಮಂದೆಯ ಮಧ್ಯೆ ನುಗ್ಗಿ ಒಂದು ಕುರಿಯನ್ನು ಹಿಡಿದಿರಿ. ಕಿವಿ ಹಿಡಿದಿರಿ. ಎರಡೂ ಕೈಯಲ್ಲಿ ಎರಡು ಕಿವಿ. ಕುರಿ ಹಿಂದಕ್ಕೆ, ತಾವು ಮುಂದಕ್ಕೆ. ತಮ್ಮ ಸುತ್ತ ಇದ್ದ ಉಳಿದ ‘ಕುರಿ’ಗಳೆಲ್ಲ ಬಾಲ ಮೇಲೆತ್ತಿಕೊಂಡು, ಗಡ್ಡ ಬಿಟ್ಟುಕೊಂಡು ನಿಂತಿದ್ದವು, ಅಷ್ಟೂ ಆಡು. ಬಾಗಿಲ ಮರೆಯಿಂದ ಒಂದು ಸದ್ದು ಬಂತು. ಹುಡುಗಿ ಅಳುತ್ತಿದ್ದಾಳೆ ಎಂದು ತಿರುಗಿದೆ. ನಗುತ್ತಿದ್ದಳು. “ಅಯ್ಯೋ ತಾತ, ನೋಡಿಲ್ಲಿ, ಕಿವಿ ಹಿಡ್ಕಂಡು ಎಳಿತಾನೆ! ಹಿಂಗಾಲು ಹಿಡಿಯಾಕೆ ಬರಲ್ಲ ಇವನಿಗೆ! ಕುರಿ ಹಿಡಿಯಾಕೆ ಬರದೋನು ಮನುಷ್ಯರನ್ನ ಹೆಂಗೆ ಹಿಡಿದಾನು?” ಎಂದು ಹೊಟ್ಟೆ ಹಿಡಿದುಕೊಂಡಳು. ಏಳು ವರ್ಷದವಳಿದ್ದಾಗ ನನ್ನ ಹಿಂದೆ ಓಡಿ ಮರಿಗಳ ಹಿಂಗಾಲು ಹಿಡಿಯುತ್ತಿದ್ದವಳು ಅವಳು. ಆ ಕುರಿ ತಮ್ಮ ಹೊಟ್ಟೆಗೆ ಗುದ್ದಿದಾಗ ಚೇತನ್‌ಕುಮಾರ್‌ಗೆ ಹೇಳಿ ಅಷ್ಟು ಭಾಗವನ್ನು ಫೋನಿನಲ್ಲಿ ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದಳು. ಮೂರನೆಯ ಸಲ ನೋಡುವಾಗ ತಮ್ಮ ಮೇಲಿದ್ದ ರಗ್ಗು ಜಾರಿದ್ದೂ, ಒಳಗೆ ಟೀ ಶರ್ಟು ಇದ್ದದ್ದೂ ಅವಳ ಕಣ್ಣಿಗೆ ಬಿತ್ತು. “ತಾತ, ನಮ್ಮ ಕಂಬಳಿ ಎಲ್ಲೈತೆ? ತತ್ತಾ ಇಲ್ಲಿ” ಎಂದಳು. ಕೊಟ್ಟೆ. ತೊಡೆಯ ಮೇಲೆ ಹರವಿಕೊಂಡು ಕೈಯಾಡಿಸಿ, “ಇದು ಮೆತ್ತಗೈತೆ” ಎಂದಳು.

ಭಾನುವಾರ ಬೆಳಿಗ್ಗೆ ಕಂಬಳಿಯನ್ನು ನಾನೇ ಹಾಸಿದೆ. ಕೂಸನ್ನು ಅವಳೇ ಮಲಗಿಸಿದಳು. ಅರಿಶಿನ ಹಾಕಿದೆವು. ಯಶೋದಾ ಎಂದು ಹೆಸರಿಟ್ಟಿದ್ದೇವೆ, ತಮಗೆ ಸಂಬಂಧವಿಲ್ಲದಿದ್ದರೂ ತಿಳಿದಿರಲಿ.

ಹೀಗಾಗಿ ಈ ದೂರು ಪತ್ರದಲ್ಲಿ ತಮಗೆ ಒಂದು ಕೃತಜ್ಞತೆಯನ್ನೂ ಬರೆಯಬೇಕಾಗಿ ಬಂದಿರುವುದು ನನ್ನ ದುರದೃಷ್ಟ. ತಾವು ಇನ್ನೊಂದು ಚೂರು ಚೆನ್ನಾಗಿ ಅಭಿನಯಿಸಿದ್ದರೂ ನನ್ನ ಮನೆ ಕೆಡುತ್ತಿತ್ತು. ತಮ್ಮ ಅರೆಬರೆ ಕೆಲಸವೇ ನಮ್ಮನ್ನು ಕಾಪಾಡಿತು. ಆದರೆ ಏಕಾಂತಪ್ಪನ ಮೊಮ್ಮಕ್ಕಳು ಕುರಿ ಹಿಡಿದವರಲ್ಲ, ಅವರಿಗೆ ಕಿವಿಯೂ ಒಂದೇ, ಹಿಂಗಾಲೂ ಒಂದೇ. ಅಲ್ಲಿ ಚಿಲಕ ಇನ್ನೂ ತೆಗೆದಿಲ್ಲ. ಆ ಮಜ್ಜಿಗೆಯ ಬಾಕಿ ತಮ್ಮ ಮೇಲೆ ಹಾಗೆಯೇ ಇದೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಕಂಬಳಿಯ ಅಸಲು ವಾರಸುದಾರ,
ಚಿತ್ರಲಿಂಗಪ್ಪ
ಬೋರಪ್ಪನಹಟ್ಟಿ

ತಾ.ಕ.: ಎರಡನೇ ಭಾಗ ಬರುತ್ತದೆಂದೂ, ಪ್ರೇಕ್ಷಕರು ಅಭಿಪ್ರಾಯ ತಿಳಿಸಬೇಕೆಂದೂ ಕೊನೆಯಲ್ಲಿ ಕೇಳಿಕೊಂಡಿದ್ದೀರಿ. ನನ್ನ ಅಭಿಪ್ರಾಯಕ್ಕೆ ಡಾಕ್ಟರು ಸತ್ತದ್ದರಿಂದ ನಾನು ಬಾಯಿ ಮುಚ್ಚಿದ್ದೇನೆ. ನಮ್ಮ ಮನೆಯ ಅತಿ ಕಿರಿಯ ಪ್ರೇಕ್ಷಕಿ ಯಶೋದಾ ಮಾತ್ರ ಕಂಬಳಿಯ ಮೇಲೆ ಮಲಗಿಸಿದ ಎರಡೇ ನಿಮಿಷಕ್ಕೆ, ತಮ್ಮ ಕಥೆ ಸಾರಾಸಗಟಾಗಿ ಎಷ್ಟು ಬೆಲೆಬಾಳುತ್ತದೆಂಬ ಅಭಿಪ್ರಾಯವನ್ನು ಯಾರೂ ಕೇಳದೆಯೇ ಕೊಟ್ಟಳು. ಕಂಬಳಿಯನ್ನು ತೊಳೆದು ಒಣಗಹಾಕಿದ್ದೇವೆ. ಮುಂದಿನ ಕೊಲೆಗಳಿಗೆ ಅಸಲಿ ಕಂಬಳಿಯೇ ಬೇಕೆನಿಸಿದರೆ ಬೋರಣ್ಣನ ಮಗ್ಗಕ್ಕೆ ಹೇಳಿ ಇನ್ನೊಂದು ನೇಯಿಸಿಕೊಳ್ಳಿ. ಇದು ಖಾಲಿ ಇಲ್ಲ.